ಜಾಬರನ ಕಾಲಿಗಾಗಿ ಕನ್ಯಾಕುಮಾರಿ

ನಾವು ನಾಲ್ವರು ಗೆಳೆಯರು ಬೈಕ್ ಹತ್ತಿ ಕನ್ಯಾಕುಮಾರಿಗೆ ಹೋಗಿ ಬಂದದ್ದನ್ನು ಜಮಖಂಡಿ ಕಡೆಯ ಜನ ಈಗಲೂ ದೊಡ್ಡ ಪುಣ್ಯದ ಕೆಲಸವೆಂದೇ ನೆನೆಯುತ್ತಾರೆ. ಮದುವೆ ಮನೆಯಲ್ಲಿ ಸಿಕ್ಕವರು, "ಆ ಕಾಲಿಲ್ಲದಾವನ ಸಲುವಾಗಿ ಬೈಕ್ ಮ್ಯಾಲೆ ಹೋಗಿದ್ದವರು ನೀವ ಅಲ್ಲೇನ್ರಿ?" ಎಂದು ಕೇಳಿ ಕೈ ಕುಲುಕುತ್ತಾರೆ. ನಾನು ಹೌದು ಎನ್ನುತ್ತೇನೆ. ಹಾಗೆನ್ನುವಾಗ ನನಗೆ ನನ್ನ ಮೇಲೂ ಉಳಿದ ಮೂವರ ಮೇಲೂ ಹೇಸಿಗೆಯಾಗುತ್ತದೆ. ಊಟದ ಪಂಕ್ತಿಯಲ್ಲಿ ಕುಳಿತು ಅದನ್ನೆಲ್ಲ ಹೇಳಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾಲ್ವರೂ ಜಮಖಂಡಿಯ ಕಾಲೇಜಿನಲ್ಲಿ ಒಂದೇ ಬೆಂಚಿನವರು, ಈಗ ಐವತ್ತರ ಹತ್ತಿರ ಬಂದವರು. ಮುಧೋಳದವನಿಗೆ ಕಬ್ಬಿನ ಹೊಲಗಳಿವೆ. ಹೊಲದಲ್ಲಿ ಕೊನೆಯ ಸಲ ಯಾವಾಗ ಕಾಲಿಟ್ಟಿದ್ದನೆಂದು ಕೇಳಿದರೆ ಅವನು ಆಳನ್ನು ಕೇಳಬೇಕು. ಬೀಳಗಿಯವನು ರಸ್ತೆ ಗುತ್ತಿಗೆದಾರ. ತಾನು ಮಾಡಿಸಿದ ರಸ್ತೆ ಬಂದರೆ ಅವನು ಬೈಕನ್ನು ಬದಿಯ ಮಣ್ಣಿಗೆ ಇಳಿಸುತ್ತಾನೆ. ಜಮಖಂಡಿಯವನದು ಔಷಧಿ ಅಂಗಡಿ, ಜೊತೆಗೆ ಎಲ್ಲದರ ಬಗ್ಗೆ ಮೊಬೈಲಿನಲ್ಲಿ ಓದಿ ತಿಳಿದುಕೊಂಡ ಜ್ಞಾನ. ನಾನು ಬನಹಟ್ಟಿಯವನು. ಅಪ್ಪ ಹಾಕಿಟ್ಟುಹೋದ ಪಾವರ್‌ಲೂಮ್ ಶೆಡ್ಡಿನಲ್ಲಿ ಮಗ್ಗಗಳ ಸದ್ದು ಕೇಳುತ್ತ ಕುಳಿತುಕೊಳ್ಳುವುದೇ ನನ್ನ ಉದ್ಯೋಗ. ನಾಲ್ವರಲ್ಲಿ ಒಬ್ಬನೂ ಬೆವರು ಸುರಿಸಿ ದುಡಿದವನಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಲವತ್ತೈದು ದಾಟಿದ ಮೇಲೆ ನಮಗೆ ಬೈಕಿನ ಹುಚ್ಚು ಹಿಡಿಯಿತು. ಮೊದಲು ಮುಧೋಳದವನು ಒಂದು ದೊಡ್ಡ ಬೈಕ್ ತಂದ. ಒಬ್ಬ ತಂದ ಮೇಲೆ ಉಳಿದವರು ಸುಮ್ಮನಿರುವುದು ನಮ್ಮ ಕಡೆ ಆಗದ ಮಾತು. ಬೈಕಿನ ಹಿಂದೆಯೇ ಕರಿ ಜಾಕೀಟು, ಮೊಣಕಾಲಿಗೆ ಕಟ್ಟುವ ಪಟ್ಟಿ, ಹೆಲ್ಮೆಟ್ಟಿನ ಮೇಲೆ ಕೂಡಿಸುವ ಕ್ಯಾಮೆರಾ ಎಲ್ಲ ಬಂದವು. ನಮ್ಮ ಬಿಸಿಲಿನಲ್ಲಿ ಆ ಜಾಕೀಟು ತೊಟ್ಟು ಸಾವಳಗಿಗೆ ಹೋಗಿ, ಭಜಿ ತಿಂದು ಮರಳುವಷ್ಟರಲ್ಲಿ ಒಳಗಿನ ಬನಿಯನ್ ಹಿಂಡುವ ಹಾಗಾಗುತ್ತಿತ್ತು. ಹಿಪ್ಪರಗಿ ಬ್ಯಾರೇಜಿನ ಮೇಲೆ ನಾಲ್ಕೂ ಬೈಕುಗಳನ್ನು ಅಡ್ಡ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದೆವು. ಹಿಂದೆ ಕಬ್ಬಿನ ಟ್ರ್ಯಾಕ್ಟರಿನವರು ನಮ್ಮ ಅಪ್ಪ ಅಮ್ಮಂದಿರನ್ನೆಲ್ಲ ಎತ್ತಿ ಬೈಯುತ್ತಿದ್ದರು. ಫೋಟೋದಲ್ಲಿ ಬೈಗುಳ ಮೂಡುವುದಿಲ್ಲವಲ್ಲ, ನೋಡಿದವರು ಹೆಬ್ಬೆಟ್ಟು ಎತ್ತಿ ಮೆಚ್ಚುತ್ತಿದ್ದರು.

ಕನ್ಯಾಕುಮಾರಿಯ ಆಸೆ ಹುಟ್ಟಿದ್ದು ಇಂಥದೇ ಒಂದು ಭಜಿ ತಿನ್ನುವ ಹೊತ್ತಿನಲ್ಲಿ. ಆದರೆ ಬರೀ ತಿರುಗಾಡಲು ವಾರಗಟ್ಟಲೆ ಹೋಗುತ್ತೇವೆಂದರೆ ಮನೆಯಲ್ಲಿ ಹೆಂಡಂದಿರು ಬಿಡುವವರಲ್ಲ. ದಾರಿ ತೋರಿಸಿದವನು ಜಮಖಂಡಿಯವನು. ದೊಡ್ಡ ಊರುಗಳಲ್ಲಿ ಜನ ಬಡಬಗ್ಗರಿಗಾಗಿ ರೊಕ್ಕ ಕೂಡಿಸುತ್ತ ಬೈಕ್ ಮೇಲೆ ದೇಶ ಸುತ್ತುತ್ತಾರೆಂದು ಅವನು ಮೊಬೈಲಿನಲ್ಲಿ ನೋಡಿದ್ದ.

"ಏನರೆ ಒಂದ ಕಾರಣ ಬೇಕಲೇ," ಎಂದ. "ಕಾರಣ ಇದ್ರ ಮನ್ಯಾಗೂ ಸುಮ್ನಿರ್ತಾರ, ಊರಾಗೂ ಹೆಸರ ಆಕ್ಕೈತಿ."

ಕಾರಣ ಹುಡುಕುತ್ತ ಕುಳಿತೆವು. ಮುಧೋಳದವನು ಗೋಶಾಲೆ ಎಂದ, ಬೀಳಗಿಯವನು ಗಿಡ ನೆಡುವುದು ಎಂದ. ರಸ್ತೆಗಾಗಿ ಅವನು ಕಡಿಸಿದ ಬೇವಿನ ಮರಗಳನ್ನು ನಾವೆಲ್ಲ ನೋಡಿದ್ದರಿಂದ ನಗು ಬಂತು. ಆಗ ನಾನು ಬಾಯಿ ತೆರೆದೆ. "ನಮ್ಮ ಶೆಡ್ಡಿನ ಜಾಬರಂದು ಕಾಲ ಹೋಗೇತಿ, ಪಾಪ," ಎಂದೆ. ಮೂವರ ಮುಖವೂ ಅರಳಿತು. ಒಬ್ಬ ಮನುಷ್ಯನ ಕಾಲು ಹೋದ ಸುದ್ದಿ ಕೇಳಿ ಅಷ್ಟು ಖುಷಿಯಾದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಜಾಬರ್ ಎಂದರೆ ಮಗ್ಗಗಳನ್ನು ನೋಡಿಕೊಳ್ಳುವ ಮಿಸ್ತ್ರಿ. ಮಗ್ಗ ಕೆಟ್ಟರೆ ಅದರ ಕೆಳಗೆ ತೂರಿ ಮಲಗುವವನು, ಒಂದರಿಂದ ಇನ್ನೊಂದಕ್ಕೆ ದಿನವೆಲ್ಲ ಓಡಾಡುವವನು. ನನ್ನ ಜಾಬರ್ ನನ್ನ ಸಾಲಿಯ ಗೆಳೆಯನೂ ಹೌದು. ಏಳನೆಯ ತರಗತಿಯವರೆಗೆ ಒಟ್ಟಿಗೆ ಓದಿದೆವು. ಅಲ್ಲಿಂದ ಅವನು ನಮ್ಮ ಶೆಡ್ಡಿಗೆ ಬಂದ, ನಾನು ಮುಂದಿನ ಸಾಲಿಗೆ ಹೋದೆ. ಅಂದಿನಿಂದ ಅವನು ನನಗೆ ರೀ ಹಚ್ಚಿ ಮಾತನಾಡುತ್ತಾನೆ, ನಾನು ಅವನಿಗೆ ಲೇ ಎನ್ನುತ್ತೇನೆ. ಇದು ಹೀಗೇ ಇರಬೇಕೆಂದು ಯಾರೂ ಹೇಳಿಕೊಡಲಿಲ್ಲ, ಇಬ್ಬರಿಗೂ ತಾನಾಗಿ ಬಂತು.

ಅವನಿಗೆ ಸಕ್ಕರೆ ರೋಗವಿತ್ತು. ಬರಿಗಾಲಿನಲ್ಲಿ ಶೆಡ್ಡು ತಿರುಗುವಾಗ ಪಾದಕ್ಕೆ ತಗಡು ಹೊಕ್ಕಿತು, ಗಾಯ ಮಾಯಲಿಲ್ಲ, ಕೊನೆಗೆ ಮಿರಜಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಮನೆಗೆ ಬಂದ ಮೇಲೆ ಹೆಂಡತಿಯ ಜೊತೆ ಕುಳಿತು ಕಂಡಿಕೆ ಸುತ್ತತೊಡಗಿದ. ಲಾಳಿಗೆ ತುಂಬುವ ನೂಲಿನ ಸಣ್ಣ ಉರುಳೆಗಳನ್ನು ಸುತ್ತುವ ಕೆಲಸ ಅದು. ಮನೆಯ ಹೆಂಗಸರು, ಮುದುಕರು ಮಾಡುವಂಥದ್ದು, ಅದರಲ್ಲಿ ಹೊಟ್ಟೆ ತುಂಬುವುದಿಲ್ಲ. ನಾನು ನೋಡಲು ಹೋದಾಗ, "ಕಾಲ ಹಾಕ್ಕೊಂಡ ಬಾ. ನಿನ್ನ ಜಾಗಾ ಯಾರಿಗೂ ಕೊಡಂಗಿಲ್ಲ," ಎಂದು ಮಾತು ಕೊಟ್ಟಿದ್ದೆ. ಕೃತಕ ಕಾಲು ಬಂದರೆ ಅವನ ಕೆಲಸ ಅವನಿಗೆ, ಇಲ್ಲದಿದ್ದರೆ ಕಂಡಿಕೆ. ಅವನ ಪಾಲಿಗೆ ಲೆಕ್ಕ ಅಷ್ಟು ಸರಳವಾಗಿತ್ತು.

ಆ ಕಾಲನ್ನು ನಾನೇ ಕೊಡಿಸಬಹುದಿತ್ತಲ್ಲ ಎಂದು ಓದುವವರಿಗೆ ಅನಿಸುತ್ತದೆ. ನನ್ನ ಹೆಂಡತಿಗೂ ಅನಿಸಿತ್ತು, ಮುಖಕ್ಕೆ ಹೊಡೆದ ಹಾಗೆ ಕೇಳಿಯೂ ಬಿಟ್ಟಳು. ನನ್ನ ಬೈಕು, ಜಾಕೀಟು ಎಲ್ಲ ಸೇರಿದರೆ ನಾಲ್ಕು ಜನರಿಗೆ ಕಾಲು ಕಟ್ಟಿಸಬಹುದಿತ್ತು. ಆದರೆ ಒಬ್ಬನಿಗೆ ಕಾಲು ಕೊಡಿಸಿದರೆ ನಾಳೆ ಶೆಡ್ಡಿನ ಇನ್ನೊಬ್ಬ ಕಣ್ಣು ಎನ್ನುತ್ತಾನೆ, ಮತ್ತೊಬ್ಬ ಮಗಳ ಮದುವೆ ಎನ್ನುತ್ತಾನೆ. ಸಾವ್ಕಾರನಾದವನು ಇಂಥ ರೂಢಿ ಹಾಕಬಾರದೆಂದು ಅಪ್ಪನಿಂದ ಕಲಿತಿದ್ದೆ. ಊರ ಜನ ಕೂಡಿ ಕೊಟ್ಟರೆ ಆ ಭಯವಿಲ್ಲ, ಮೇಲಾಗಿ ಕೊಡಿಸಿದ ಹೆಸರು ನಮಗೇ ಬರುತ್ತದೆ. ಇಷ್ಟು ಕೀಳಾಗಿ ಯೋಚಿಸಿದ್ದೆ ಎಂದು ಬರೆಯಲು ಈಗ ಕೈ ತಡೆಯುತ್ತದೆ, ಆಗ ಯೋಚಿಸಲು ಏನೂ ಅಡ್ಡಿಯಾಗಿರಲಿಲ್ಲ.

ಬ್ಯಾನರಿಗೆ ಫೋಟೋ ಬೇಕಾಗಿತ್ತು. ನಾಲ್ವರೂ ಅವನ ಮನೆಗೆ ಹೋದೆವು. ನಮ್ಮ ದೊಡ್ಡ ಬೂಟುಗಳನ್ನು ಬಿಚ್ಚುವುದಕ್ಕೇ ಬಾಗಿಲಲ್ಲಿ ಗದ್ದಲವಾಯಿತು. ಅವನು ಹೊಸ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಕುಳಿತಿದ್ದ. ಜಮಖಂಡಿಯವನು ಅಂಗಿ ಬದಲಿಸಲು ಹೇಳಿದ. ಆಮೇಲೆ ಧೋತರ ಮೇಲೆತ್ತಿಸಿದ, ಕಡಿದ ಜಾಗ ಸರಿಯಾಗಿ ಕಾಣಬೇಕಲ್ಲ. ಇಷ್ಟಾದರೂ ಫೋಟೋ ಜಮಖಂಡಿಯವನಿಗೆ ಸೇರಲಿಲ್ಲ.

"ಮಾರಿ ಸ್ವಲ್ಪ ಸಣ್ಣ ಮಾಡೋ. ನಕ್ಕೋತ ಕುಂತ್ರ ಯಾರ ರೊಕ್ಕ ಹಾಕ್ತಾರ?"

"ನನಗ ನಗೀನ ಬರತೈತ್ರಿ, ಏನ ಮಾಡ್ಲಿ," ಎಂದು ಜಾಬರ್ ಮತ್ತೆ ನಕ್ಕ. ಐದನೆಯದೋ ಆರನೆಯದೋ ಸಲಕ್ಕೆ ನಗು ನಿಂತಿತು. ಆ ಫೋಟೋ ನಮಗೆ ಸೇರಿತು. ಅವನ ಹೆಂಡತಿ ಕಂಡಿಕೆ ರಾಟಿ ನಿಲ್ಲಿಸದೆ ಒಂದೇ ಮಾತು ಕೇಳಿದಳು, "ಇದನ್ನ ನಮ್ಮ ಬೀಗರ ಊರಾಗೂ ಹಚ್ತೀರೇನ್ರಿ?" ಬೀಳಗಿಯವನು, "ಎಲ್ಲಾ ಊರಾಗೂ ಹಚ್ತೀವಿ ತಂಗಿ, ಕಾಳಜಿ ಮಾಡಬ್ಯಾಡ," ಎಂದ. ಅವಳು ಬೇಡವೆಂಬ ಅರ್ಥದಲ್ಲಿ ಕೇಳಿದ್ದಳೆಂದು ಅವನ ತಲೆಗೆ ಹೋಗಲೇ ಇಲ್ಲ. ನನಗೆ ತಿಳಿದಿತ್ತು, ಆದರೂ ಸುಮ್ಮನೆ ಚಹಾ ಕುಡಿದೆ.

ಬ್ಯಾನರ್ ಆಗಿ ಬಂದ ವಾರದಲ್ಲೇ ಜಾಬರ್ ನನ್ನ ಶೆಡ್ಡಿಗೆ ಬಂದ. ರಿಕ್ಷಾದಿಂದ ಇಳಿದು, ಬಗಲಲ್ಲಿ ಕೋಲು ಊರಿಕೊಂಡು, ಉಬ್ಬಸಪಡುತ್ತ ಒಳಗೆ ಬಂದ. ಬೈಕಿನ ಬಗ್ಗೆ ಮಾತಾಡಲು ಬಂದಿದ್ದ ಜಮಖಂಡಿಯವನೂ ಅಲ್ಲೇ ಕುಳಿತಿದ್ದ.

"ಸಾವ್ಕಾರ್ರ, ಬರೂ ಐತವಾರ ಜಮಖಂಡ್ಯಾಗ ಕ್ಯಾಂಪ್ ಐತ್ರಿ, ಮಂಗಲ ಕಾರ್ಯಾಲಯದಾಗ. ಅಲ್ಲೇ ಅಳತಿ ತಗೊಂಡು ಅಲ್ಲೇ ಕಾಲ ಮಾಡಿ ಕೊಡ್ತಾರಂತ್ರಿ, ಪುಕ್ಕಟ. ನನ್ನ ಹೆಸರೂ ಬರಸೇನ್ರಿ."

ನಾವು ಹೊರಡುವ ದಿನ ಆ ಭಾನುವಾರ ಕಳೆದು ಮೂರು ದಿನಕ್ಕಿತ್ತು. ನಾನು ಜಮಖಂಡಿಯವನ ಮುಖ ನೋಡಿದೆ. ಅವನ ಮುಖದಲ್ಲಿ ಕನ್ಯಾಕುಮಾರಿ ಜಾರಿಹೋಗುತ್ತಿತ್ತು.

"ನಿನಗ ಕಾಲ ಬಂದ ಬಿಟ್ರ ನಾವು ಯಾರ ಸಲುವಾಗಿ ಹೋಗೂದೋ ಮಾರಾಯಾ? ಬ್ಯಾನರ್ ಸೈತ ಆಗೇತಿ," ಎಂದ ಅವನು.

ಜಾಬರ್ ನನ್ನ ಕಡೆ ತಿರುಗಿದ. ನಾನು ಆಗ ಹೇಳಿದ ಮಾತುಗಳು ಇವು, ಒಂದಕ್ಷರ ಮರೆತಿಲ್ಲ: "ಪುಕ್ಕಟ ಕೊಡೂ ಕಾಲ ಎಷ್ಟ ದಿನ ಬಾಳಿಕಿ ಬರತೈತ್ಲೇ? ಹೋಗಬ್ಯಾಡ, ತಡಿ. ನಾವು ಬಂದ ಮ್ಯಾಲೆ ಮಿರಜಿಗೆ ಕರ್ಕೊಂಡ ಹೋಗಿ ಛಲೋದು ಹಾಕಸ್ತೀವಿ."

"ಛಲೋನ ಇರತಾವಂತ್ರಿ. ನಮ್ಮ ಓಣ್ಯಾಗ ಒಬ್ಬಾವ ಹಾಕ್ಕೊಂಡ ಸೈಕಲ್ ಹೊಡೀತಾನ."

"ನಾ ಹೇಳಾಕತ್ತೇನಲ್ಲ."

"ಹೂನ್ರಿ. ನೀವ ಹೇಳಿದಂಗ ಆಗ್ಲಿರಿ," ಎಂದು ಅವನು ಕೋಲು ಊರಿಕೊಂಡು ಎದ್ದ. ಹೋಗುವಾಗ ನಿಂತಿದ್ದ ಒಂದು ಮಗ್ಗದ ಹತ್ತಿರ ತಡೆದು, ಹೊಸ ಜಾಬರನಿಗೆ ಏನೋ ಕೈಮಾಡಿ ತೋರಿಸಿದ. ಆ ಹೊಸಬನನ್ನು ನಾನು ದಿನಗೂಲಿಯ ಮೇಲೆ ಇಟ್ಟುಕೊಂಡಿದ್ದೆ. ಕ್ಯಾಂಪಿಗೆ ಬಂದವರೆಲ್ಲ ಆ ಭಾನುವಾರ ಸಂಜೆ ಕಾಲು ಹಾಕಿಕೊಂಡು ನಡೆದು ಹೋದರೆಂದು ಆಮೇಲೆ ಕೇಳಿದೆ.

ಹೊರಟ ದಿನದ ಮೆರವಣಿಗೆಯನ್ನು ನೆನೆದರೆ ಮೈ ಉರಿಯುತ್ತದೆ. ಬೈಕಿನ ಮುಂದೆ ಹಲಗೆ ಬಾರಿಸುವವರು, ಬೈಕಿನ ಮೇಲೆ ನಾವು, ನಮ್ಮ ಟ್ಯಾಂಕಿನ ಮೇಲೆ ಹಳದಿ ಬಣ್ಣದ ತಗಡಿನ ಡಬ್ಬಿ. ಬನಹಟ್ಟಿಯಿಂದ ರಬಕವಿ, ಅಲ್ಲಿಂದ ಜಮಖಂಡಿ, ಮುಧೋಳ, ಬೀಳಗಿ ಹೀಗೆ ಮೊದಲ ದಿನ ನಮ್ಮ ನಮ್ಮ ಊರುಗಳಲ್ಲೇ ರೊಕ್ಕ ಕೂಡಿಸುವ ಯೋಜನೆ. ಎಲ್ಲ ಕಡೆಯೂ ಜನ ಸೇರಿದ್ದರು, ಆದರೆ ಡಬ್ಬಿಗೆ ಯಾರೂ ಕೈ ಹಾಕಲಿಲ್ಲ. ಕಬ್ಬಿನ ಸಾವ್ಕಾರ, ರಸ್ತೆ ಗುತ್ತಿಗೆದಾರ, ಶೆಡ್ಡಿನ ಮಾಲಕ ಇಂಥವರ ಮುಂದೆ ಹತ್ತರ, ಇಪ್ಪತ್ತರ ನೋಟು ಹಿಡಿಯುವುದು ಮರ್ಯಾದೆಯೇ? ರಬಕವಿಯ ಹಿರಿಯರೊಬ್ಬರು ಕೈ ಜೋಡಿಸಿ, "ನಿಮ್ಮಂಥವರ ಡಬ್ಬ್ಯಾಗ ನಾವು ಚಿಲ್ರಿ ಹಾಕೂದು ಹೆಂಗ್ರಿ, ಶೋಭಾ ಆಗೂದಿಲ್ಲ," ಎಂದರು. ಹಾಗೆಂದು ಬರಿಗೈಯಲ್ಲಿ ಕಳಿಸುವುದೂ ನಮ್ಮ ಕಡೆಯ ರೀತಿಯಲ್ಲ. ಸತ್ಕಾರ ಮಾಡಿದರು. ಶಾಲು ಹೊದಿಸಿದರು, ರುಮಾಲು ಸುತ್ತಿದರು, ಮಾಲೆ ಹಾಕಿದರು, ಕೈಗೆ ತೆಂಗಿನಕಾಯಿ ಕೊಟ್ಟರು.

ಇನ್ನೊಬ್ಬರಿಗಾಗಿ ಬೇಡಲು ಹೊರಟವರು ತಮ್ಮ ದೊಡ್ಡಸ್ತಿಕೆಯನ್ನು ಮನೆಯಲ್ಲಿಟ್ಟು ಬರಬೇಕು. ನಾವು ಅದನ್ನೇ ಮುಂದೆ ಕೂಡಿಸಿಕೊಂಡು ಹೊರಟಿದ್ದೆವು. ಯಾರಾದರೊಬ್ಬರು ಬೈಕಿನಿಂದ ಇಳಿದು, "ಶಾಲು ಬೇಡ, ಆ ರೊಕ್ಕ ಡಬ್ಬಿಗೆ ಹಾಕಿ," ಎಂದಿದ್ದರೆ ಸಾಕಿತ್ತು. ಇಳಿಯುವ ಮಾತಿರಲಿ, ಮುಧೋಳದಲ್ಲಿ ತನಗಿಂತ ಮೊದಲು ಬೀಳಗಿಯವನಿಗೆ ಶಾಲು ಹೊದಿಸಿದರೆಂದು ಮುಧೋಳದವನು ಮುಂದಿನ ಊರಿನವರೆಗೆ ಮಾತು ಬಿಟ್ಟಿದ್ದ. ಶಾಲುಗಳಾದರೂ ಎಂಥವು? ಊರ ತುಂಬ ಮಗ್ಗಗಳಿರುವ ನಮ್ಮ ರಬಕವಿ ಬನಹಟ್ಟಿಯಲ್ಲೂ ಹೊದಿಸಿದ್ದು ಎಲ್ಲಿಂದಲೋ ತರಿಸಿದ ಹೊಳಪಿನ ಪಾಲಿಯೆಸ್ಟರ್ ಶಾಲು. ಬಟ್ಟೆಯ ಗುಣ ಗೊತ್ತಿದ್ದವನು ಅದರಿಂದ ಬೈಕನ್ನೂ ಒರೆಸಲಾರ, ನೀರೇ ಹೀರುವುದಿಲ್ಲ. ಬೀಳಗಿ ದಾಟುವ ಹೊತ್ತಿಗೆ ನಮ್ಮ ಹತ್ತಿರ ಒಂದು ಗಂಟು ಶಾಲು, ಒಂದು ಚೀಲ ತೆಂಗಿನಕಾಯಿ ಇದ್ದವು. ನಾಲ್ಕು ಡಬ್ಬಿಗಳನ್ನೂ ಅಲ್ಲಾಡಿಸಿ ನೋಡಿದೆ, ಒಂದರಲ್ಲಿ ಏನೋ ಸದ್ದಾಯಿತು.

ಅದನ್ನೆಲ್ಲ ಹೊರಲು ಹಿಂದೆ ಜೀಪು ಬರುತ್ತಿತ್ತು. ದೂರದ ಬೈಕ್ ಪ್ರವಾಸಕ್ಕೆ ಜೀಪು ಯಾಕೆಂದು ಕೇಳಬೇಡಿ. ಅದರಲ್ಲಿ ಕಟಕ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು, ಹಾಸಿಗೆ, ಬೆನ್ನು ನೋವಿನ ಎಣ್ಣೆ, ಅದನ್ನು ತಿಕ್ಕಲು ಬೀಳಗಿಯವನ ಡ್ರೈವರ್ ಎಲ್ಲ ಇದ್ದವು. ಚಿತ್ರದುರ್ಗ ದಾಟುವಷ್ಟರಲ್ಲಿ ಮುಧೋಳದವನು ಸೊಂಟ ಹಿಡಿದುಕೊಂಡು ಜೀಪು ಸೇರಿದ. ಅವನ ಬೈಕನ್ನು ಡ್ರೈವರ್ ಓಡಿಸಿದ, ಜೀಪನ್ನು ಇವನು ಓಡಿಸಿದ. ಊರು ಬಂದಾಗ ಮಾತ್ರ ಒಂದು ಫರ್ಲಾಂಗು ಮೊದಲೇ ಇಳಿದು, ಜಾಕೀಟು ತೊಟ್ಟು, ಬೈಕ್ ಹತ್ತುತ್ತಿದ್ದ.

ತಮಿಳುನಾಡಿನಲ್ಲಿ ನಮ್ಮ ಕನ್ನಡ ಬ್ಯಾನರ್ ಓದುವವರಿರಲಿಲ್ಲ. ಕಾಲು ಕಡಿದವನ ಫೋಟೋ, ಪಕ್ಕದಲ್ಲಿ ನಾಲ್ಕು ಬೈಕು. ಒಂದು ಚಹಾದಂಗಡಿಯ ಮುದುಕ ಫೋಟೋವನ್ನು ನೋಡಿ, ನಮ್ಮನ್ನು ನೋಡಿ, ಕಣ್ಣಲ್ಲಿ ನೀರು ತಂದುಕೊಂಡ. ನಾವು ಡಬ್ಬಿ ಮುಂದೆ ಮಾಡಿದೆವು. ಅವನು ಡಬ್ಬಿಯನ್ನು ಬದಿಗೆ ಸರಿಸಿ, ನನ್ನ ಹೆಲ್ಮೆಟ್ ಮೇಲೆ ಬೆರಳಿನಿಂದ ಬಡಿದು, ಮೆಲ್ಲಗೆ ಹೋಗಿ ಎಂದು ಕೈಸನ್ನೆ ಮಾಡಿದ. ನಮ್ಮ ಜೊತೆಯವನೊಬ್ಬ ಬೈಕಿನಿಂದ ಬಿದ್ದು ಕಾಲು ಕಳೆದುಕೊಂಡಿದ್ದಾನೆ, ಎಚ್ಚರಿಕೆ ಹೇಳುತ್ತ ಊರೂರು ತಿರುಗುತ್ತಿದ್ದೇವೆ ಎಂದು ಅವನು ತಿಳಿದಿದ್ದ. ಚಹಾದ ಹಣ ತೆಗೆದುಕೊಳ್ಳಲಿಲ್ಲ. ಇಡೀ ಪ್ರಯಾಣದಲ್ಲಿ ನಮ್ಮ ಮೇಲೆ ಖರೆ ಮರುಕಪಟ್ಟವನು ಅವನೊಬ್ಬನೇ, ಅದೂ ತಪ್ಪು ತಿಳಿದು.

ಕನ್ಯಾಕುಮಾರಿಯಲ್ಲಿ ನಾಲ್ವರೂ ಸಮುದ್ರಕ್ಕೆ ಬೆನ್ನು ಮಾಡಿ ನಿಂತೆವು, ಕ್ಯಾಮೆರಾ ಈ ಕಡೆ ಇತ್ತು. ಆಗ ಜಾಬರನ ಫೋನ್ ಬಂತು.

"ಮುಟ್ಟಿದ್ರೇನ್ರಿ ಸಾವ್ಕಾರ್ರ? ಊಟ ಆತೇನ್ರಿ? ಸಮುದ್ರ ಹೆಂಗೈತ್ರಿ?"

ಅವನ ಹೆಂಡತಿಯ ರಾಟಿಯ ಸದ್ದು ಹಿಂದೆ ಕೇಳುತ್ತಿತ್ತು. ಸಮುದ್ರ ದೊಡ್ಡದಿದೆ ಎಂದೆ. ಅವನು ಮಿರಜಿನಲ್ಲಿ ಅಳತೆಗೆ ಯಾವಾಗ ಬರಲಿ ಎಂದು ಕೇಳಿಡಲೇ ಎಂದ. ಬಂದ ಮೇಲೆ ನೋಡೋಣ ಎಂದು ಫೋನ್ ಇಟ್ಟೆ, ಫೋಟೋದವನು ಕರೆಯುತ್ತಿದ್ದ.

ಮರಳಿ ಬಂದ ಮೇಲೆ ಸಮಾರಂಭವಾಗಬೇಕು, ಸಮಾರಂಭಕ್ಕೆ ದೊಡ್ಡ ಅತಿಥಿ ಬೇಕು, ಅತಿಥಿಗೆ ಬಿಡುವಿಲ್ಲ. ಹೀಗೆ ಮೂರು ವಾರ ಕಳೆದವು. ನಮ್ಮ ಗುರುತಿಲ್ಲದ ಮುಂದಿನ ಊರುಗಳಲ್ಲಿ ಕೂಡಿದ ಹಣದಲ್ಲಿ ಬ್ಯಾನರು, ಪೆಂಡಾಲು, ಅತಿಥಿಗೆ ಹೊದಿಸುವ ಶಾಲು ಕಳೆದು ಉಳಿದದ್ದು ಮಿರಜಿನವರು ಹೇಳಿದ ಬೆಲೆಯ ಅರ್ಧಕ್ಕೂ ಬರುತ್ತಿರಲಿಲ್ಲ. ನಮಗೆ ಬಂದಿದ್ದ ಗಂಟಿನಿಂದಲೇ ಒಂದು ಶಾಲು ಅತಿಥಿಗೆ ಹೊದಿಸಿದರಾಯಿತು ಎಂದು ನಾನು ಹೇಳಿದ್ದಕ್ಕೆ ಮೂವರೂ ನನ್ನನ್ನು ಜಿಪುಣನೆಂದು ಬೈದರು.

ಸಮಾರಂಭ ಬನಹಟ್ಟಿಯಲ್ಲಿ, ಭಾನುವಾರ ಮುಂಜಾನೆ ನಡೆಯಿತು. ವೇದಿಕೆ ಎದೆಯೆತ್ತರ ಇತ್ತು, ಹತ್ತಲು ಕಡಿದಾದ ಹಲಗೆಯ ಮೆಟ್ಟಿಲು. ಕಾಲಿಲ್ಲದವನಿಗಾಗಿ ಮಾಡಿದ ಸಮಾರಂಭದಲ್ಲಿ ಕಾಲಿಲ್ಲದವನು ಹೇಗೆ ಮೇಲೆ ಬರುತ್ತಾನೆಂದು ಯಾರೂ ಯೋಚಿಸಿರಲಿಲ್ಲ. ಕೊನೆಗೆ ಶೆಡ್ಡಿನ ಇಬ್ಬರು ಅವನನ್ನು ಕುರ್ಚಿಯ ಸಮೇತ ಎತ್ತಿ ಮೇಲಿಟ್ಟರು. ಕುರ್ಚಿ ಓಲಾಡಿದಾಗ ಅವನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದುಕೊಂಡ, ಜನ ಚಪ್ಪಾಳೆ ತಟ್ಟಿದರು. ಎಲ್ಲರ ಭಾಷಣಗಳಾದವು. ಜಮಖಂಡಿಯವನು ಬಿಸಿಲು ಮಳೆಗಳ ವರ್ಣನೆ ಮಾಡಿದ. ಮಳೆ ಒಂದು ಹನಿಯೂ ಬಿದ್ದಿರಲಿಲ್ಲ. ಮುಧೋಳದವನು ಹಣದ ಲಕೋಟೆಯನ್ನು ಜಾಬರನ ತೊಡೆಯ ಮೇಲಿಟ್ಟು ಮೈಕ್ ಹಿಡಿದ. ಕಾಲಿಗೆ ಇನ್ನೂ ಸ್ವಲ್ಪ ಕಡಿಮೆ ಬೀಳುತ್ತದೆ, ಆದರೆ ನಾವು ಕೈಬಿಡುವವರಲ್ಲ, ಮುಂದಿನ ವರ್ಷ ಇದೇ ಕಾಲಿಗಾಗಿ ಕಾಶ್ಮೀರಕ್ಕೆ ಹೋಗುತ್ತೇವೆ ಎಂದು ಘೋಷಿಸಿದ. ಪೆಂಡಾಲಿನಲ್ಲಿ ಸೀಟಿ ಬಿದ್ದವು. ಆಮೇಲೆ ಅವನು ಮೈಕನ್ನು ಜಾಬರನ ಬಾಯಿಯ ಹತ್ತಿರ ಹಿಡಿದು, "ನೀನೂ ಒಂದೆರಡ ಮಾತ ಹೇಳಪಾ," ಎಂದ.

ಜಾಬರ್ ಅತಿಥಿಯ ಕಡೆ ನೋಡಲಿಲ್ಲ, ಜನರ ಕಡೆಯೂ ನೋಡಲಿಲ್ಲ. ಕುತ್ತಿಗೆ ತಿರುಗಿಸಿ, ವೇದಿಕೆಯ ಕೊನೆಯ ಕುರ್ಚಿಯಲ್ಲಿ ಕುಳಿತಿದ್ದ ನನ್ನನ್ನು ಹುಡುಕಿದ.

"ಅಲ್ಲೀತನಕ ನಾ ಕಾಲ ಹಾಕ್ಕೋಬಾರದೇನ್ರಿ, ಸಾವ್ಕಾರ್ರ?"

ಮೈಕಿನಲ್ಲಿ ಅದು ಓಣಿಯ ಕೊನೆಯವರೆಗೂ ಕೇಳಿಸಿತು. ಪೆಂಡಾಲು ನಕ್ಕಿತು, ಅತಿಥಿಯೂ ನಕ್ಕರು, ಮುಧೋಳದವನು ನಗುತ್ತ ಅವನ ಬೆನ್ನು ತಟ್ಟಿದ. ಒಳ್ಳೆಯ ಚಾಷ್ಟಿ ಮಾಡಿದನೆಂದು ಎಲ್ಲರೂ ತಿಳಿದರು. ಅವನು ತಮಾಷೆಗೆ ಕೇಳಿರಲಿಲ್ಲ. ನಗು ನಿಲ್ಲುವವರೆಗೆ ನನ್ನನ್ನೇ ನೋಡುತ್ತ ಕಾದ. ನಾನು ಎದ್ದು ಅವನ ಹತ್ತಿರ ಹೋಗಿ ಬಗ್ಗಿದೆ. ಅವನು ಮೈಕನ್ನು ಕೈಯಿಂದ ಆಚೆ ಸರಿಸಿ, ನನಗಷ್ಟೇ ಕೇಳುವ ಹಾಗೆ ಹೇಳಿದ.

"ಬರೂ ತಿಂಗಳ ಬಿಜಾಪುರದಾಗ ಕ್ಯಾಂಪ್ ಐತಂತ್ರಿ. ಹೆಸರ ಹಚ್ಚು ಅಂತ ನಮ್ಮ ಮನ್ಯಾಕಿ ಗಂಟ ಬಿದ್ದಾಳ. ನಿಮ್ಮನ್ನ ಕೇಳದ ಹೆಂಗ ಹಚ್ಚೂದು ಅಂತ ಬಿಟ್ಟೇನ್ರಿ. ಕಾಶ್ಮೀರ ಆಗೂತನಕ ತಡೀಬೇಕಂದ್ರ ತಡೀತೀನ್ರಿ."

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಇದ್ದಿದ್ದರೆ ನಾನು ಇವತ್ತು ಸುಖವಾಗಿ ನಿದ್ದೆ ಮಾಡುತ್ತಿದ್ದೆ. ರಜೆ ಕೇಳುವಾಗ ಶೆಡ್ಡಿನಲ್ಲಿ ಹೇಗೆ ಕೇಳುತ್ತಿದ್ದನೋ ಹಾಗೇ ಕೇಳಿದ.

"ಹಾಕ್ಕೋ," ಎಂದೆ.

ತನ್ನ ಕಾಲು ತಾನು ಹಾಕಿಕೊಳ್ಳಲು ನಾನು ಒಪ್ಪಿಗೆ ಕೊಟ್ಟದ್ದಕ್ಕೆ ಅವನು ನನಗೆ ಕೈ ಮುಗಿದ.